ಮಾಟುಂಗಾದ ಹೋಟೆಲುಗಳಿಗೆ ಇನ್ನೂರು ಏಜೆಂಟ್‌ಗಳ ಜಾಲ: ಕಟ್ಟಿದ ಬಗೆ

ಮುಂಬೈಯ ಮಾಟುಂಗಾ, ಚೆಂಬೂರು, ಮುಲುಂಡ್, ಪಕ್ಕದ ಠಾಣೆ ಕಡೆಯ 70 ಉಡುಪಿ ಹೋಟೆಲುಗಳಿಗೆ ದಿನದ ತರಕಾರಿ, ತೆಂಗಿನಕಾಯಿ, ಬಾಳೆಎಲೆ ತರಿಸುವ ಕೆಲಸ. ಹೋಟೆಲಿಗೊಂದು ಏಜೆಂಟ್ (ಅದರ ಪರವಾಗಿ ಸಂದೇಶ ಕಳಿಸಿ ಪಡೆಯುವ ಪ್ರೋಗ್ರಾಮ್), 95 ವ್ಯಾಪಾರಿಗಳಿಗೆ ಒಂದೊಂದು, 35 ಟೆಂಪೋಗಳಿಗೆ ಒಂದೊಂದು, ಒಟ್ಟು 200. ಯಾರು ಯಾರ ಜೊತೆ ಬೇಕಾದರೂ ಮಾತಾಡಲಿ ಎಂದು ಬಿಟ್ಟರೆ 19,900 ಜೋಡಿಗಳಾಗುತ್ತವೆ. ಒಂದು ಆರ್ಡರ್ ಎಲ್ಲಿ ತಪ್ಪಿತು ಎಂದು ಹುಡುಕಲು ಹೊರಟರೆ ಅದು ಸಂತೆಯಲ್ಲಿ ಮಗುವನ್ನು ಹುಡುಕಿದಂತೆ. ಆದ್ದರಿಂದ ಸಗಟು ಮಂಡಿಯಿರುವ ವಾಶಿಯನ್ನೂ ಸೇರಿಸಿ ಐದು ವಲಯ ಮಾಡಿ, ವಲಯಕ್ಕೊಬ್ಬ ಸಂಯೋಜಕನನ್ನು (ಅವನೂ ಒಂದು ಪ್ರೋಗ್ರಾಮೇ) ಇಟ್ಟೆವು. ಏಜೆಂಟ್ ತನ್ನ ಸಂಯೋಜಕನ ಜೊತೆ ಮಾತ್ರ ಮಾತಾಡುತ್ತದೆ. ವಲಯ ದಾಟಬೇಕಾದರೆ ಸಂಯೋಜಕರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ. ಕೊಂಡಿಗಳು 210ಕ್ಕೆ ಇಳಿದವು.

ಇನ್ನೂರರಲ್ಲಿ ಒಂದಕ್ಕೂ ಭಾಷಾ ಮಾದರಿ (ಮನುಷ್ಯರ ಮಾತು ಓದಿ ಉತ್ತರ ಊಹಿಸುವ ಎಐ) ಇಲ್ಲ ಎಂದರೆ ಹಲವರು ನಂಬುವುದಿಲ್ಲ. ಅವೆಲ್ಲ ಸಾದಾ ಪ್ರೋಗ್ರಾಮ್‌ಗಳು: ಒಂದು ಸ್ಥಿತಿ, ಒಂದು ಸಂದೇಶ, ಮುಂದಿನ ಸ್ಥಿತಿ. ಮಾದರಿ ಇರುವುದು ಬಾಗಿಲಲ್ಲಿ, ವಾಟ್ಸಾಪ್ ಓದುವ ಜಾಗದಲ್ಲಿ ಮಾತ್ರ. ಲೆಕ್ಕ ಸರಳ. ಒಂದೊಂದು ಹೆಜ್ಜೆ ನೂರಕ್ಕೆ 98 ಸಲ ಸರಿಯಾಗಿ ನಡೆದರೂ ಹತ್ತು ಹೆಜ್ಜೆ ಸಾಲಾಗಿ ಇಟ್ಟಾಗ ಕೊನೆ ಮುಟ್ಟುವುದು ಸುಮಾರು 82 ಸಲ. ಊಹಿಸುವ ಹೆಜ್ಜೆಯನ್ನು ಒಂದಕ್ಕೆ ಇಳಿಸಿ ಉಳಿದದ್ದನ್ನು ಖಚಿತ ಕೋಡ್‌ಗೆ ಒಪ್ಪಿಸುವುದೇ ಲೇಸು.

ಆ ಒಂದು ಹೆಜ್ಜೆಯೂ ಸಲೀಸಲ್ಲ. ರಾತ್ರಿ ಗಲ್ಲಾ ಮುಚ್ಚುವ ಹೊತ್ತಿಗೆ ಬರುವ ಮೆಸೇಜ್ ಹೀಗಿರುತ್ತದೆ: “ಅಣ್ಣಾ, ನಾಳೆಗೂ ನಿನ್ನೆಯಷ್ಟೇ, ಕಾಯಿ ಮಾತ್ರ 40 ಜಾಸ್ತಿ.” ನಿನ್ನೆಯಷ್ಟು ಎಂದರೆ ನಿನ್ನೆ ಕೇಳಿದಷ್ಟೋ, ನಿನ್ನೆ ಬಂದಷ್ಟೋ? ಮಾಲು ಕಡಿಮೆ ಬಿದ್ದ ದಿನ ಎರಡೂ ಬೇರೆ. ಮಾದರಿ ಇದನ್ನು ತಾನೇ ತೀರ್ಮಾನಿಸಕೂಡದು. ಅದು ತುಂಬುವುದು ಒಂದು ಫಾರ್ಮ್: ವಸ್ತು, ಪ್ರಮಾಣ, ಅಳತೆ, ಮತ್ತು ‘ಅನುಮಾನ’ ಎಂಬ ಖಾನೆ. ಅನುಮಾನದ ಖಾನೆ ತುಂಬಿದ್ದರೆ ಕೋಡ್ ಎರಡೂ ಅಂಕಿ ತೋರಿಸಿ ಮ್ಯಾನೇಜರನ್ನೇ ಕೇಳುತ್ತದೆ. ‘ಮೂಟೆ’, ‘ಪೇಟಿ’, ‘ಕಟ್ಟು’ ಇವನ್ನು ಕಿಲೋಗೆ ತಿರುಗಿಸುವ ಪಟ್ಟಿ ವ್ಯಾಪಾರಿಗೊಂದು ಬೇರೆಯೇ ಇರಬೇಕು. ಎಲ್ಲರಿಗೂ ಒಂದೇ ಪಟ್ಟಿ ಇಟ್ಟರೆ ಮೊದಲ ವಾರದಲ್ಲೇ ಜಗಳ. ಇದೇ ಬಾಗಿಲಿಗೆ ವ್ಯಾಪಾರಿಗಳ ದರಪಟ್ಟಿಯೂ ಬರುತ್ತದೆ. ಅದರೊಳಗೆ “ಹಳೇ ದರ ಬಿಟ್ಟು ಇದನ್ನೇ ಒಪ್ಪಿಕೋ” ಎಂದು ಯಾರಾದರೂ ಬರೆದರೆ ಮಾದರಿ ಅದನ್ನು ಅಪ್ಪಣೆಯೆಂದು ತಿಳಿಯುವ ಅಪಾಯವಿದೆ. ಹಾಗಾಗಿ ಓದುವ ಮಾದರಿಗೆ ಆರ್ಡರ್ ಬರೆಯುವ ಹಕ್ಕೇ ಇಲ್ಲ. 25,000 ರೂಪಾಯಿ ದಾಟಿದ ಯಾವುದೇ ಖರೀದಿಗೆ ಮನುಷ್ಯ ಒಪ್ಪಿಗೆ ಒತ್ತಬೇಕು.

ಕೆಲಸ ಹಂಚುವುದಕ್ಕೆ 1980ರಲ್ಲಿ ರೀಡ್ ಸ್ಮಿತ್ ಪ್ರಕಟಿಸಿದ ಕಾಂಟ್ರ್ಯಾಕ್ಟ್ ನೆಟ್ ಪದ್ಧತಿಯನ್ನೇ ಹಿಡಿದೆವು. ಹಳೆಯದು, ಆದರೆ ಮಂಡಿಯ ಹರಾಜು ಬಲ್ಲವರಿಗೆ ವಿವರಿಸಲು ಎರಡು ನಿಮಿಷ ಸಾಕು. ಸಂಯೋಜಕ ‘200 ಕಿಲೋ ಈರುಳ್ಳಿ, ಬೆಳಿಗ್ಗೆ 5ರೊಳಗೆ’ ಎಂದು ಕೂಗುತ್ತಾನೆ; ಈರುಳ್ಳಿ ಮಾರುವವರೆಂದು ನೋಂದಣಿಯಾದವರಿಗೆ ಮಾತ್ರ ಆ ಕೂಗು ಕೇಳುತ್ತದೆ; 8 ಸೆಕೆಂಡಿನೊಳಗೆ ಬಂದ ಸವಾಲುಗಳಲ್ಲಿ (ಹರಾಜಿನ ಬಿಡ್‌ಗಳಲ್ಲಿ) ಒಂದನ್ನು ಆರಿಸಿ ಕೆಲಸ ಒಪ್ಪಿಸುತ್ತಾನೆ. ತಡವಾಗಿ ಬಂದದ್ದನ್ನು ನೋಡುವುದೇ ಇಲ್ಲ.

ಇದರಲ್ಲಿ ಒಂದು ಹಳ್ಳ ಇದೆ, ಬೀಳದವರು ಕಡಿಮೆ. 300 ಕಿಲೋ ದಾಸ್ತಾನಿರುವ ವ್ಯಾಪಾರಿ ಏಕಕಾಲಕ್ಕೆ ನಾಲ್ಕು ಕೂಗಿಗೆ 200ರಂತೆ ಸವಾಲು ಹಾಕಿ, ನಾಲ್ಕೂ ಗೆದ್ದರೆ? ಸವಾಲು ಹಾಕಿದ ಕ್ಷಣದಲ್ಲೇ ಅಷ್ಟು ಮಾಲನ್ನು 20 ಸೆಕೆಂಡಿನ ಮಟ್ಟಿಗೆ ಕಾದಿರಿಸಬೇಕು. ಅಷ್ಟರಲ್ಲಿ ಒಪ್ಪಿಗೆ ಬರದಿದ್ದರೆ ಕಾದಿರಿಸಿದ್ದು ತಾನಾಗಿ ಬಿಡುಗಡೆ. ಈ ಅವಧಿ ಕೂಗಿನ ಅವಧಿಗಿಂತ ಉದ್ದವಿರಲೇಬೇಕು, ಇಲ್ಲದಿದ್ದರೆ ಗೆದ್ದವನ ಕೈಯಲ್ಲಿ ಮಾಲೇ ಇರುವುದಿಲ್ಲ.

ಪ್ರತಿ ಸಂದೇಶಕ್ಕೂ ಒಂದು ಲಕೋಟೆ: ಕಳಿಸಿದವರು, ಉದ್ದೇಶ, ಗಡುವು, ನಮೂನೆಯ ಆವೃತ್ತಿ, ಸಂಭಾಷಣೆಯ ಸಂಖ್ಯೆ, ಎಷ್ಟು ಕೈ ದಾಟಿತು ಎಂಬ ಎಣಿಕೆ. ಎಣಿಕೆ 6 ದಾಟಿದರೆ ಸಂದೇಶವನ್ನು ಪಕ್ಕದ ಕ್ಯೂಗೆ ಎತ್ತಿಟ್ಟು ಮನುಷ್ಯನಿಗೆ ತೋರಿಸುತ್ತೇವೆ. ಇದಿಲ್ಲದಾಗ ದರ ಕೇಳುವವನು “ಮೊದಲು ಪ್ರಮಾಣ ಹೇಳು” ಎನ್ನುವುದು, ಪ್ರಮಾಣ ಹೇಳುವವನು “ಮೊದಲು ದರ ಹೇಳು” ಎನ್ನುವುದು, ಬೆಳಗಿನವರೆಗೂ ಇದೇ.

ಲಕೋಟೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ಒಂದೇ ಸಂದೇಶ ಮತ್ತೆ ಬಂದದ್ದನ್ನು ಗುರುತಿಸುವ ಕೀಲಿ. ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಲಿಲ್ಲ ಎಂದರ್ಥವಲ್ಲ. ಕೆಲಸ ಆಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಮೊದಲ ಆವೃತ್ತಿಯಲ್ಲಿ ಪ್ರತಿ ಮರುಪ್ರಯತ್ನಕ್ಕೂ ಹೊಸ ಸಂಖ್ಯೆ ಹುಟ್ಟುತ್ತಿತ್ತು, 40 ಕಾಯಿ 80 ಆಗಿ ಬಂದವು. ಈಗ ಹೋಟೆಲು, ದಿನಾಂಕ, ವಸ್ತು, ಆ ದಿನದ ಕ್ರಮಸಂಖ್ಯೆ ಸೇರಿಸಿ ಕೀಲಿ ಮಾಡುತ್ತೇವೆ. ಎಷ್ಟು ಸಲ ಕಳಿಸಿದರೂ ಕೀಲಿ ಅದೇ. ಪಡೆಯುವವನು ಅದನ್ನು 72 ಗಂಟೆ ನೆನಪಿಟ್ಟುಕೊಂಡು, ಎರಡನೇ ಸಲ ಬಂದರೆ ಹಳೆಯ ಉತ್ತರವನ್ನೇ ಕೊಡುತ್ತಾನೆ. ಮರುಪ್ರಯತ್ನ 1, 2, 4, 8 ಸೆಕೆಂಡುಗಳ ಅಂತರದಲ್ಲಿ, ಪ್ರತಿಯೊಂದಕ್ಕೂ ಸ್ವಲ್ಪ ಏರುಪೇರು ಬೆರೆಸಿ. ಇಲ್ಲದಿದ್ದರೆ ಬಿದ್ದ ಸರ್ವರ್ ಎದ್ದ ಕ್ಷಣವೇ ಎಲ್ಲರೂ ಒಟ್ಟಿಗೆ ಬಾಗಿಲು ಬಡಿಯುತ್ತಾರೆ. ಮರುಪ್ರಯತ್ನಿಸುವ ಅಧಿಕಾರ ಒಂದೇ ಪದರಕ್ಕೆ ಇರಲಿ. ಮೂರು ಪದರ ಮೂರು ಮೂರು ಸಲ ಪ್ರಯತ್ನಿಸಿದರೆ ತಳದಲ್ಲಿರುವವನ ಮೇಲೆ 27 ಕರೆ ಬೀಳುತ್ತವೆ.

ದಾಖಲೆಗೆ ಕಾಫ್ಕಾ, ಸಂದೇಶಗಳನ್ನು ಸಾಲಾಗಿ ಬರೆದಿಡುವ ತಂತ್ರಾಂಶ. ಅದು ಕ್ರಮವನ್ನು ಕಾಪಾಡುವುದು ಒಂದು ಪಾರ್ಟಿಷನ್ನಿನ (ದಾಖಲೆಯ ಒಂದು ಭಾಗದ) ಒಳಗೆ ಮಾತ್ರ, ಆದ್ದರಿಂದ ಒಂದು ಹೋಟೆಲಿನದೆಲ್ಲ ಒಂದೇ ಭಾಗಕ್ಕೆ ಬೀಳುವಂತೆ ಹೋಟೆಲಿನ ಸಂಖ್ಯೆಯನ್ನೇ ಕೀ ಮಾಡಿ 24 ಪಾರ್ಟಿಷನ್ ಇಟ್ಟೆವು. ಆರಂಭದಲ್ಲೇ ಧಾರಾಳವಾಗಿ ಇಡಿ. ಆಮೇಲೆ ಹೆಚ್ಚಿಸಿದರೆ ಅದೇ ಹೋಟೆಲು ಬೇರೆ ಪಾರ್ಟಿಷನ್ನಿಗೆ ಹೋಗಿ, ‘ರದ್ದು ಮಾಡಿ’ ಎನ್ನುವುದು ‘ಕಳಿಸಿ’ ಎನ್ನುವುದಕ್ಕಿಂತ ಮೊದಲು ಓದಿಸಿಕೊಳ್ಳಬಹುದು.

ಸಂಯೋಜಕ ಸತ್ತರೆ ಇನ್ನೊಬ್ಬ ಬರಬೇಕು. ಸುಲಭವೆನಿಸುತ್ತದೆ, ಕಷ್ಟವಿರುವುದು ಸತ್ತಿರದ ಸಂಯೋಜಕನಲ್ಲಿ. 5 ಸೆಕೆಂಡಿಗೊಮ್ಮೆ ಹಾಜರಿ, 15 ಸೆಕೆಂಡು ಹಾಜರಿ ಇಲ್ಲದಿದ್ದರೆ ಅಧಿಕಾರ ಬೇರೆಯವನಿಗೆ. ಹಳಬ ಕೇವಲ ತೂಕಡಿಸಿದ್ದು, ಎದ್ದು ತಾನೇ ಯಜಮಾನನೆಂದು ಆರ್ಡರ್ ಕೊಡತೊಡಗಿದರೆ ಒಂದೇ ಮನೆಗೆ ಇಬ್ಬರು ಯಜಮಾನರು. ಅದಕ್ಕೆ ಪ್ರತಿ ಅಧಿಕಾರಕ್ಕೂ ಏರುತ್ತಾ ಹೋಗುವ ಸಂಖ್ಯೆ: 41 ಹೊಂದಿದವನ ಆರ್ಡರ್ ಬಂದಿದೆ ಎಂದಾದರೆ 40ರವನದನ್ನು ವ್ಯಾಪಾರಿ ಏಜೆಂಟ್ ತಿರಸ್ಕರಿಸುತ್ತದೆ. ಈ ಸಂಖ್ಯೆ ಕೊಡುವುದು ಇಟಿಸಿಡಿ (etcd), ಒಂದೇ ಲೆಕ್ಕವನ್ನು ಹಲವು ಯಂತ್ರಗಳಲ್ಲಿ ಇಡುವ ತಂತ್ರಾಂಶ, ನಮ್ಮಲ್ಲಿ ಮೂರು ಯಂತ್ರಗಳ ಮೇಲೆ. ಅರ್ಧಕ್ಕಿಂತ ಹೆಚ್ಚು ಯಂತ್ರಗಳು ಬದುಕಿದ್ದರೆ ಮಾತ್ರ ಅದು ನಡೆಯುತ್ತದೆ. ನಾಲ್ಕು ಮಾಡಿದರೂ ತಡೆದುಕೊಳ್ಳುವುದು ಒಂದೇ ಯಂತ್ರದ ನಷ್ಟವನ್ನು; ಹೆಚ್ಚು ಬೇಕೆಂದರೆ ಐದಕ್ಕೇ ಹೋಗಬೇಕು.

ನಮಗೆ ನಿಜವಾದ ಪಾಠ ಕಲಿಸಿದ್ದು ಮಳೆ. ಕಿಂಗ್ಸ್ ಸರ್ಕಲ್‌ನಲ್ಲಿ ನೀರು ನಿಂತಿತೆಂದರೆ ಆ ದಾರಿಯ ಟೆಂಪೋಗಳೆಲ್ಲ ಒಟ್ಟಿಗೆ ‘ತಡ’ ಎನ್ನುತ್ತವೆ. ಹೋಟೆಲು ಏಜೆಂಟ್‌ಗಳೆಲ್ಲ ಖಾಲಿಯಿರುವ ಎರಡು ಟೆಂಪೋಗಳಿಗೆ ಮುಗಿಬೀಳುತ್ತವೆ, ಅವೂ ತುಂಬಿ ತಡವಾಗುತ್ತವೆ, ಎಲ್ಲ ಮತ್ತೆ ಹಳೆಯದಕ್ಕೆ ಓಡುತ್ತವೆ. ಒಂದೊಂದು ಏಜೆಂಟ್ ಮಾಡಿದ್ದೂ ಸರಿ, ಒಟ್ಟಿನಲ್ಲಿ ಯಾವ ಟೆಂಪೋ ಕೂಡ ಕದಲಲಿಲ್ಲ. ಈಗ ಟೆಂಪೋ ಬದಲಿಸುವ ಹಕ್ಕು ಹೋಟೆಲಿಗಿಲ್ಲ. ಸಂಯೋಜಕ ಎರಡು ನಿಮಿಷದ ಬೇಡಿಕೆಗಳನ್ನು ಒಟ್ಟುಮಾಡಿ ಒಮ್ಮೆಲೇ ಹಂಚುತ್ತಾನೆ, ಅದೂ ಬದಲಿಸಿದ್ದರಿಂದ ಕನಿಷ್ಠ 15 ನಿಮಿಷ ಉಳಿತಾಯವಾಗುವುದಾದರೆ ಮಾತ್ರ. ರದ್ದತಿಗೂ ದರ ಕಟ್ಟಿದ್ದೇವೆ: ಹೊರಟ ಟೆಂಪೋ ವಾಪಸ್ ಬಂದೀತು, ಉರಿದ ಡೀಸೆಲ್ ಬಾರದು.

ಪರೀಕ್ಷೆಗೆ ಮೂರು ವಾರ ಜಾಲ ಆರ್ಡರ್ ಬರೆಯಿತು, ಕಳಿಸಲಿಲ್ಲ. ಮ್ಯಾನೇಜರುಗಳು ಕೈಯಲ್ಲಿ ಮಾಡಿದ್ದರ ಜೊತೆ ಪ್ರತಿ ಬೆಳಿಗ್ಗೆ ಹೋಲಿಸಿದೆವು. ಆಮೇಲೆ ರಾತ್ರಿ 10ರ ಭರಾಟೆಯಲ್ಲೇ ಬೇಕೆಂದು ಒಂದೊಂದು ಏಜೆಂಟನ್ನು ಕೊಂದು ನೋಡಿದೆವು. ಕ್ಯೂಗೆ 500ರ ಮಿತಿ ಹಾಕಿದ್ದು ಆಗಲೇ. ತುಂಬಿದ ಮೇಲೆ ‘ಆಮೇಲೆ ಬಾ’ ಎಂದು ನೇರವಾಗಿ ಹೇಳುವುದು, ಗಡುವು ಮೀರಿದ ಸಂದೇಶವನ್ನು ಎತ್ತಿಕೊಂಡು ದುಡಿಯುವುದಕ್ಕಿಂತ ಮೇಲು.

ಬೆಳಿಗ್ಗೆ ಆರಕ್ಕೆ ಫೋನ್ ಬರುತ್ತದೆ: “ನನ್ನ ಬಾಳೆಎಲೆ ಎಲ್ಲಿ ಮಾರಾಯ?” ಸಂಭಾಷಣೆಯ ಸಂಖ್ಯೆ ಹಾಕಿದರೆ ಪರದೆಯ ಮೇಲೆ ಸಾಲು ಬರುತ್ತದೆ: 22:14 ಮೆಸೇಜ್, 22:15 ಮೂರು ಸವಾಲು, 22:15 ಒಪ್ಪಿಗೆ, 4:40 ಟೆಂಪೋಗೆ ಏರಿಕೆ, 5:52 ಸಾಯನ್ ಹತ್ತಿರ. “ಇನ್ನು ಹತ್ತು ನಿಮಿಷ ಶೆಟ್ರೇ” ಎನ್ನಲು ಅಷ್ಟು ಸಾಕಾಗುತ್ತದೆ.