ಹಳೇ ಜಾವಾ ಆ್ಯಪ್ ಬಿಟ್ಟು ಸ್ಪ್ರಿಂಗ್ ಬೂಟ್‌ಗೆ ಬರುವುದು ಹೇಗೆ?

ಸ್ಪ್ರಿಂಗ್ ಬೂಟ್ ಎಂದರೆ ಜಾವಾ ಆ್ಯಪ್‌ಗಳನ್ನು ಕಡಿಮೆ ಸೆಟ್ಟಿಂಗ್‌ನಲ್ಲಿ ಬೇಗ ಕಟ್ಟಲು ನೆರವಾಗುವ ಫ್ರೇಮ್‌ವರ್ಕ್. ಟೀಮಿಗೆ ಹೊಸದಾಗಿ ಬಂದವರಿಗೆ ನಾನು ಹೇಳುವುದು ಇಷ್ಟೇ: ಹಳೇ ಪ್ರಾಜೆಕ್ಟ್ ಕಾಪಿ ಹೊಡೆದು ಶುರು ಮಾಡಬೇಡಿ. ಅದರ ಉದ್ದುದ್ದ ಎಕ್ಸ್‌ಎಂಎಲ್ ಸೆಟ್ಟಿಂಗ್ ಫೈಲುಗಳೂ ಹಿಂದೆಯೇ ಬರುತ್ತವೆ. ಹೊಸ ಪ್ರಾಜೆಕ್ಟಿನ ಚೌಕಟ್ಟು ಮಾಡಿಕೊಡುವ ಸ್ಪ್ರಿಂಗ್ ಇನಿಶಿಯಲೈಜರ್ ಸೈಟಿನಲ್ಲಿ ಮೇವೆನ್ (ಬಿಲ್ಡ್ ಟೂಲ್), ಜಾವಾ 21 ಆರಿಸಿ. ವೆಬ್, ಡೇಟಾ ಜೆಪಿಎ (ಜಾವಾ ಆಬ್ಜೆಕ್ಟುಗಳನ್ನು ಡೇಟಾಬೇಸ್ ಟೇಬಲ್‌ಗೆ ಜೋಡಿಸಲು), ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡ್ರೈವರ್, ಫ್ಲೈವೇ (ಟೇಬಲ್ ಬದಲಾವಣೆಗಳನ್ನು ಫೈಲುಗಳಿಂದ ಕ್ರಮವಾಗಿ ನಡೆಸುವ ಟೂಲ್) ಸೇರಿಸಿ. ಡೇಟಾಬೇಸ್ ವಿವರ ಕೊಟ್ಟು ರನ್ ಮಾಡಿ. ವೆಬ್ ಸರ್ವರ್ ಟಾಮ್‌ಕ್ಯಾಟ್ ಒಳಗೇ ಇರುತ್ತದೆ, 8080 ಪೋರ್ಟಿನಲ್ಲಿ ಶುರುವಾಗುತ್ತದೆ.

ಡೇಟಾಬೇಸ್ ಕಡೆ ಸ್ವಲ್ಪ ನಿಧಾನಿಸಿ. ರೆಪಾಸಿಟರಿಯಲ್ಲಿ (ಡೇಟಾ ತರುವ, ಉಳಿಸುವ ಇಂಟರ್‌ಫೇಸ್) ‘ಫೈಂಡ್‌ಬೈಸ್ಟೇಟಸ್’ ಎಂದು ಮೆಥಡ್ ಹೆಸರು ಬರೆದರೆ ಸಾಕು, ಡೇಟಾಬೇಸ್ ಕ್ವೆರಿ ತಾನೇ ತಯಾರಾಗುತ್ತದೆ. ಆರಾಮ ಅಲ್ವಾ? ಆದರೆ ಹೆಸರು ರೈಲಿನ ಥರ ಉದ್ದವಾದರೆ ನಾನು ಕ್ವೆರಿಯನ್ನೇ ಬರೆದುಬಿಡುತ್ತೇನೆ. ಓದೋರಿಗೆ ಸುಲಭ. ಇನ್ನೊಂದು, ಪ್ರೊಡಕ್ಷನ್‌ನಲ್ಲಿ (ಜನ ನಿಜವಾಗಿ ಬಳಸುವ ಆ್ಯಪ್‌ನಲ್ಲಿ), ಟೇಬಲ್‌ಗಳನ್ನು ಆ್ಯಪ್ ತಾನೇ ಬದಲಿಸಬೇಕೇ ಎಂದು ಹೇಳುವ ಡಿಡಿಎಲ್-ಆಟೋ ಸೆಟ್ಟಿಂಗನ್ನು ‘ಅಪ್‌ಡೇಟ್’ ಎಂದು ಬಿಡಲೇಬೇಡಿ. ಸುಮ್ನೆ ‘ವ್ಯಾಲಿಡೇಟ್’ ಇಡಿ, ಅದು ಟೇಬಲ್ ಸರಿಯಿದೆಯೇ ಎಂದು ನೋಡುತ್ತದೆ ಅಷ್ಟೇ. ಟೇಬಲ್ ಬದಲಾವಣೆಯೆಲ್ಲ ಫ್ಲೈವೇ ಫೈಲಿನ ಮೂಲಕವೇ ಬರಲಿ. ಯಾವ ಕಾಲಂ ಯಾವಾಗ ಸೇರಿತು ಅಂತ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲೇ ಗೊತ್ತಾಗುತ್ತದೆ.

ಆಮೇಲೆ ಹಳೇ ಕೋಡನ್ನು ಒಂದೊಂದೇ ಸ್ಕ್ರೀನ್ ಲೆಕ್ಕದಲ್ಲಿ ತನ್ನಿ. 2022ರಲ್ಲಿ ಬಂದ ಸ್ಪ್ರಿಂಗ್ ಬೂಟ್ 3ರಿಂದ ಸರ್ವ್‌ಲೆಟ್ (ವೆಬ್ ಕೋರಿಕೆ ನೋಡಿಕೊಳ್ಳುವ), ಪರ್ಸಿಸ್ಟೆನ್ಸ್ (ಡೇಟಾ ಉಳಿಸುವ) ಇಂಪೋರ್ಟುಗಳ ಹೆಸರಿನ ಮೊದಲ ಭಾಗ ‘ಜಾವಾಎಕ್ಸ್’ ಹೋಗಿ ‘ಜಕಾರ್ತಾ’ ಆಗಿದೆ. ಕಣ್ಣುಮುಚ್ಚಿ ಎಲ್ಲವನ್ನೂ ರಿಪ್ಲೇಸ್ ಮಾಡಬೇಡಿ. ‘ಜಾವಾಎಕ್ಸ್ ಡಾಟ್ ಎಸ್‌ಕ್ಯೂಎಲ್’ ಜಾವಾದ್ದೇ ಭಾಗ, ಅದು ಹಾಗೇ ಇರಬೇಕು.