ಗಾಳಿಯಂತ್ರ ಬಿಡಿ, ಸೆಕ್ಷನ್ ಮೂಲೆ ಹಿಡಿಯಿರಿ: ಹಳೆಯ ಟೊಪೊ ಹಾಳೆ ಕೂರಿಸಿದ ನನ್ನ ಅನುಭವ

ನ್ಯೂ ಮೆಕ್ಸಿಕೋದ ಹಿಡಾಲ್ಗೊ ಕೌಂಟಿಯ ದನಗಾವಲು ಬಯಲಿನ ಹಳೆಯ ಯುಎಸ್‌ಜಿಎಸ್ ಹಾಳೆಗಳು (ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆಯ ಭೂನಕ್ಷೆಗಳು; ಒಂದೊಂದೂ ಕಾಲು ಡಿಗ್ರಿ, ಅಂದರೆ 15 ಮಿನಿಟಿನದು; ಅಳತೆ 1:62,500) ಇಂದಿನ ಉಪಗ್ರಹ ಚಿತ್ರದ ಮೇಲೆ ಜಾಗಕ್ಕೆ ಸರಿಯಾಗಿ ಕೂರುವುದಿಲ್ಲ ಅನ್ನುವವರೇ ಹೆಚ್ಚು. ಕೂರುತ್ತವೆ. ಆರು ಹಾಳೆ ಕೂರಿಸಿದ್ದೇನೆ, ಸರಾಸರಿ ತಪ್ಪು 30 ಮೀಟರ್ ಆಸುಪಾಸು.

ಮೊದಲು ಎಲ್ಲರಂತೆ ನೆಲದ ಗುರುತು ಹಿಡಿದೆ: ಗಾಳಿಯಂತ್ರ, ದಾರಿ ಕೂಡುವ ಜಾಗ, ಹಳ್ಳದ ತಿರುವು. 25 ಬಿಂದು, ಥಿನ್ ಪ್ಲೇಟ್ ಸ್ಪ್ಲೈನ್ (ಹಾಳೆಯನ್ನು ರಬ್ಬರಿನಂತೆ ಎಳೆದು ಕೂರಿಸುವ ಲೆಕ್ಕ). ನಕ್ಷೆ ತಂತ್ರಾಂಶ ಕ್ಯೂಜಿಐಎಸ್ ತಪ್ಪು ಸೊನ್ನೆ ಎಂದಿತು, ಸೆಕ್ಷನ್ ಗೆರೆಗಳು (ಸರ್ಕಾರಿ ಸರ್ವೆ ನೆಲವನ್ನು ಮೈಲಿ ಚೌಕಗಳಾಗಿ ಹಂಚಿದ ಗೆರೆಗಳು) ಮಾತ್ರ ಹಾವಿನಂತೆ ಬಳುಕಿದ್ದವು. ಸ್ಪ್ಲೈನ್ ಪ್ರತಿ ಬಿಂದುವನ್ನೂ ಮುಟ್ಟಲೇಬೇಕು, ಆ ಸೊನ್ನೆಗೆ ಬೆಲೆಯಿಲ್ಲ. ಗಾಳಿಯಂತ್ರ ಹೊಸ ಬಾವಿಗೆ ಸರಿದಿರುತ್ತದೆ. ಮಳೆಗಷ್ಟೇ ಹರಿಯುವ ಹಳ್ಳ ದಂಡೆ ಕೊರೆದು ಪಕ್ಕಕ್ಕೆ ಹೋಗಿರುತ್ತದೆ.

ದುಡ್ಡೂ ದಂಡವಾಯಿತು. ಕಾಗದದ ಹಾಳೆ ತಲಾ ಸುಮಾರು 15 ಡಾಲರ್, ಸ್ಕ್ಯಾನಿಗೆ ಮತ್ತೆ 8–10. ಅಂಗಡಿಯ ರೋಲರ್ ಸ್ಕ್ಯಾನರ್ ಹಾಳೆಯನ್ನು ಉದ್ದಕ್ಕೆ 2 ಮಿ.ಮೀ. ಹಿಗ್ಗಿಸಿತ್ತು, ನೆಲದಲ್ಲಿ ಅದು 125 ಮೀಟರ್. ಯುಎಸ್‌ಜಿಎಸ್‌ನ ಟೊಪೊವ್ಯೂ ಜಾಲತಾಣದಲ್ಲಿ ಪುಕ್ಕಟೆ ಸಿಗುವ ಜೆಪೆಗ್ ತೆಗೆದುಕೊಂಡು ಮೊದಲಿನಿಂದ ಶುರು ಮಾಡಿದೆ.

ಫಲಿಸಿದ ದಾರಿ ಇದು. ಹಾಳೆಯಲ್ಲಿ 5 ಮಿನಿಟಿಗೊಂದರಂತೆ ಅಚ್ಚಾದ ಅಕ್ಷಾಂಶ–ರೇಖಾಂಶದ 16 ಗುರುತುಗಳು ಮಾತ್ರ. ಭೂಮಿಯ ಆಕಾರಕ್ಕೆ ಕ್ಲಾರ್ಕ್ 1866 ಮಾದರಿ, ಪ್ರಕ್ಷೇಪಕ್ಕೆ (ದುಂಡು ನೆಲವನ್ನು ಚಪ್ಪಟೆ ಮಾಡುವ ಬಗೆ) ಪಾಲಿಕೋನಿಕ್, ನಡು ರೇಖಾಂಶ ಆ ಹಾಳೆಯದ್ದೇ. ಡಿಗ್ರಿಯಲ್ಲೇ ಕೂರಿಸಬೇಡಿ: 32 ಡಿಗ್ರಿ ಅಕ್ಷಾಂಶದ ಹತ್ತಿರ ಹಾಳೆಯ ಮೇಲಂಚು ಕೆಳಗಿನದಕ್ಕಿಂತ 60 ಮೀಟರ್‌ನಷ್ಟು, ಕಾಗದದಲ್ಲಿ 1 ಮಿ.ಮೀ., ಕಿರಿದು. ಪಾಲಿನಾಮಿಯಲ್ 1 (ಹಾಳೆಯನ್ನು ಬಳುಕಿಸದೆ ಸರಿಸಿ, ತಿರುಗಿಸಿ, ಹಿಗ್ಗಿಸುವ ಸರಳ ಲೆಕ್ಕ) ಸಾಕು. ಒಂದು ಬಿಂದುವಿನ ತಪ್ಪು 5 ಪಿಕ್ಸೆಲ್ ದಾಟಿದರೆ ಅಲ್ಲಿ ಮಡಿಕೆಯಿದೆ ಎಂದೇ ಲೆಕ್ಕ.

ಆಮೇಲೆ ಇಡೀ ಹಾಳೆಯನ್ನು ಒಂದೇ ಸಲ ಸರಿಸಬೇಕು, ಎಳೆಯಬಾರದು. ಎನ್‌ಎಡಿ27ರಿಂದ (1927ರ ಡೇಟಮ್, ಅಂದರೆ ಅಕ್ಷಾಂಶ–ರೇಖಾಂಶ ಅಳೆಯುವ ಆಧಾರ) ಇಂದಿನ ಡೇಟಮ್‌ಗೆ ಅಲ್ಲಿ ಪೂರ್ವ–ಪಶ್ಚಿಮವಾಗಿ ಸುಮಾರು 50 ಮೀಟರ್ ವ್ಯತ್ಯಾಸ. 1927ಕ್ಕೂ ಹಿಂದಿನ ಹಾಳೆಗೆ ಆ ಲೆಕ್ಕವೂ ಪೂರ್ತಿ ಹೊಂದದು. ಉಳಿದದ್ದನ್ನು ಸೆಕ್ಷನ್ ಮೂಲೆಗಳಿಂದ ತೀರಿಸಿದೆ: ಮೈಲಿಗೊಂದು ಮೂಲೆ, ರಾಂಚಿನ ಬೇಲಿಗಳು ಎಷ್ಟೋ ಕಡೆ ಇಂದಿಗೂ ಅದೇ ಗೆರೆಯಲ್ಲಿವೆ, ಉಪಗ್ರಹ ಚಿತ್ರದಲ್ಲಿ ಕೂದಲೆಳೆಯಂತೆ ಕಾಣುತ್ತವೆ. ಹಾಳೆಗೆ ಆರೇಳು ಮೂಲೆ. ಯಾವ ಬೇಲಿ ನಿಜವಾದ ಗೆರೆಯದ್ದು, ಯಾವುದು ಅಂದಾಜಿಗೆ ಹಾಕಿದ್ದು ಎಂದು ಪತ್ತೆ ಹಚ್ಚುವ ಬಗೆ ನನ್ನ ಹತ್ತಿರವೇ ಇರಲಿ.

ನಡುವೆ ಹಾಳೆಯ ಗೆರೆಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಲು ಹೋಗಿದ್ದೆ. ಕಂದು ಗೆರೆ ಕೈಕೊಟ್ಟಿತು: ಮಡಿಕೆಯ ಕಲೆಯೂ ಕಂದು, ಕಡಿದಾದ ಕಡೆ ಸಮೋನ್ನತ ರೇಖೆಗಳು ಒಂದಕ್ಕೊಂದು ಅಂಟಿಕೊಂಡವು. ನೀರಿನ ನೀಲಿ ಚೆನ್ನಾಗಿ ಬಂತು. ‘ಟ್ಯಾಂಕ್’ ಎಂದು ಬರೆದದ್ದು ಅಲ್ಲಿ ಹೆಚ್ಚಾಗಿ ದನಕ್ಕೆ ನೀರು ನಿಲ್ಲಿಸುವ ಮಣ್ಣಿನ ಕಟ್ಟೆ; ನಮ್ಮ ಕೆರೆಗಳಿಗೂ ಬ್ರಿಟಿಷರ ನಕ್ಷೆಯಲ್ಲಿ ಇದೇ ಹೆಸರು. ಒಂದು ಹಾಳೆಯಲ್ಲಿ ಅಂಥವು ನಲವತ್ತರಷ್ಟು ಸಿಕ್ಕವು, ಮುಕ್ಕಾಲು ಪಾಲಿನ ಏರಿ ಉಪಗ್ರಹ ಚಿತ್ರದಲ್ಲಿ ಅದೇ ಜಾಗದಲ್ಲಿದೆ.