ಹಳೇ ಟೈರ್ ಓದಿ ಹೊಸ ಟೈರ್ ತಗೊಂಡೆ: 51 ಸಾವಿರ ಕಿ.ಮೀ. ಆಯಿತು

ಮಂಡ್ಯದ ಮನೆಯಿಂದ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ದಿನಾ ಕಾರಲ್ಲಿ ಹೋಗಿ ಬರುತ್ತೇನೆ. ಎರಡೂ ಕಡೆ ಸೇರಿ ತೊಂಬತ್ತು ಚಿಲ್ಲರೆ ಕಿ.ಮೀ., ವರ್ಷಕ್ಕೆ ಹೆಚ್ಚುಕಮ್ಮಿ 26 ಸಾವಿರ. ಕಾರು 2019ರ ಪೆಟ್ರೋಲ್ ಡಿಸೈರ್, ಟೈರ್ ಸೈಜ್ 165/80 ಆರ್14 (165 ಮಿ.ಮೀ. ಅಗಲ, 14 ಇಂಚಿನ ರಿಮ್). ಈಗಿನ ಸೆಟ್ ಹಾಕಿಸಿದಾಗ ಅಂಗಡಿಯವರು ಹೇಳಿದ್ದು, "ಬುಡಿ ಸಾರ್, ಇದು ಮೆತ್ತನೆ ರಬ್ಬರು, ನಿಮ್ಮ ಓಡಾಟಕ್ಕೆ ಮೂವತ್ತು ಸಾವಿರ ಬಂದ್ರೆ ಹೆಚ್ಚು." 51 ಸಾವಿರ ಓಡಿದೆ. ಗ್ರಿಪ್, ಅಂದರೆ ಟೈರ್ ಮೇಲಿನ ಗೀರಿನ ಆಳ, ಇನ್ನೂ ಮೂರು ಮಿ.ಮೀ. ದಾಟಿ ಉಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಂಪನಿಯಿಂದ ಬಂದ ಟೈರ್ 42 ಸಾವಿರ ಬಂತು. ಅದರ ಬಗ್ಗೆ ದೂರಿಲ್ಲ. ತಪ್ಪು ಮಾಡಿದ್ದು 2021ರಲ್ಲಿ. ಒಂದಕ್ಕೆ 3,600ರಂತೆ ನಾಲ್ಕು ಹಾಕಿಸಿದೆ, 14,400. ಗಟ್ಟಿ ರಬ್ಬರು, ಅರವತ್ತು ಸಾವಿರ ಗ್ಯಾರಂಟಿ ಅಂದರು. ಟೈರಿನ ಪಕ್ಕೆ ಮೇಲಿರುವ ತಯಾರಾದ ತಾರೀಖಿನ ನಾಲ್ಕು ಅಂಕಿ ನೋಡಲೇ ಇಲ್ಲ. ಮನೆಗೆ ಬಂದು ನೋಡಿದರೆ 1819, ಅಂದರೆ 2019ರ ಹದಿನೆಂಟನೇ ವಾರದ ಮಾಲು. ಎರಡು ವರ್ಷ ಗೋಡೌನಲ್ಲಿ ಕೂತಿದ್ದ ಟೈರಿಗೆ ಹೊಸ ಟೈರಿನ ದುಡ್ಡು ಕೊಟ್ಟಿದ್ದೆ. ಆ ವರ್ಷದ ಕೊನೆಯ ಮಳೆಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬ್ರೇಕ್ ಒತ್ತಿದರೆ ಕಾರು ನಿಲ್ಲದೆ ಜಾರಿಕೊಂಡೇ ಹೋಯಿತು. ಮುಂದಿದ್ದ ಕಬ್ಬಿನ ಟ್ರ್ಯಾಕ್ಟರ್‌ಗೂ ನನಗೂ ಒಂದು ಮೊಳ ಉಳಿಯಿತು. ಹೆಂಡತಿ ಪಕ್ಕದಲ್ಲಿದ್ದಳು. ಆ ಸೆಟ್ 24 ಸಾವಿರಕ್ಕೇ ಮುಗಿಯಿತು. ಸಾವಿರ ಕಿ.ಮೀ.ಗೆ 600 ರೂಪಾಯಿ ಬಿತ್ತು.

ಆಮೇಲೆ ದೊಡ್ಡ ಸೈಜಿನ ಆಸೆ. 185/70 ಆರ್14 ಹಾಕಿಸಿದೆ. ಅದೇ ರಿಮ್, ಎತ್ತರದಲ್ಲಿ ಶೇಕಡ ಒಂದರಷ್ಟೂ ವ್ಯತ್ಯಾಸ ಇಲ್ಲ, ಸ್ಪೀಡೋಮೀಟರ್ ಸರಿಯಾಗೇ ತೋರಿಸುತ್ತದೆ. ಹಿಡಿತ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಸ್ಟೇರಿಂಗ್ ಭಾರ ಆಯಿತು, ಮೈಲೇಜ್ 21ರಿಂದ 19ಕ್ಕೆ ಇಳಿಯಿತು. ಟೈರಿಗೆ 20 ಸಾವಿರದ ಮೇಲೆ ಕೊಟ್ಟಿದ್ದೆ, 31 ಸಾವಿರಕ್ಕೆ ಮುಂದಿನ ಎರಡರ ಹೊರಅಂಚು ಬೋಳಾಯಿತು.

ಆಗ ಅಂಗಡಿಗೆ ಓಡಲಿಲ್ಲ. ಭಾನುವಾರ ನಾಲ್ಕೂ ಚಕ್ರ ಬಿಚ್ಚಿ ಅಂಗಳದಲ್ಲಿ ಮಲಗಿಸಿದೆ. 150 ರೂಪಾಯಿಯ ಅಳತೆ ಕಡ್ಡಿ ತಂದು ಒಳಗೆ, ನಡುವೆ, ಹೊರಗೆ, ಮೂರು ಕಡೆ ಆಳ ನೋಡಿ ಸೀಮೆಸುಣ್ಣದಲ್ಲಿ ಟೈರ್ ಮೇಲೇ ಬರೆದೆ. ಹಿಂದಿನವು ಎಲ್ಲ ಕಡೆ ಒಂದೇ ಸಮ. ಮುಂದಿನವು ಒಳಗೆ ನಾಲ್ಕು, ನಡುವೆ ನಾಲ್ಕು, ಹೊರಗೆ ಒಂದೂವರೆ ಮಿ.ಮೀ. ಭಾಮೈದ ಬಂದವನು, "ಭಾವ, ಹೋಗೋ ಟೈರಿಗೆ ಯಾಕೆ ಇಷ್ಟು ಪೂಜೆ?" ಅಂದ.

ಒಂದೇ ಅಂಚು ಸವೆದರೆ ಚಕ್ರದ ನೇರ, ಅಂದರೆ ಅಲೈನ್‌ಮೆಂಟ್ ತಪ್ಪಿದೆ ಅಂತ ನಿಮಗೂ ಗೊತ್ತು. ಆದರೆ ನಾನು ಐದು ಸಾವಿರಕ್ಕೊಮ್ಮೆ ಮಾಡಿಸುತ್ತಿದ್ದೆ, ಚೀಟಿಯಲ್ಲಿ ಎಲ್ಲಾ ಹಸಿರು. ನಮ್ಮ ದೊಡ್ಡಪ್ಪ ಮೈಸೂರಿನ ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್ ಟೈರ್ ಫ್ಯಾಕ್ಟರಿಯಲ್ಲಿ ದುಡಿದವರು, 1997ರಲ್ಲಿ ಅದು ಜೆ.ಕೆ. ಟೈರ್ ಕೈಗೆ ಹೋದ ಮೇಲೂ ಅಲ್ಲೇ ಇದ್ದರು. ಅವರು ಟೈರ್ ಮೇಲೆ ಅಂಗೈ ಅಡ್ಡಡ್ಡ ಆಡಿಸಿದರು. ಒಂದು ಕಡೆಗೆ ಸವರಿದರೆ ನುಣುಪು, ವಾಪಸ್ ಎಳೆದರೆ ಗರಗಸದ ಹಲ್ಲು. "ನಿಂತಾಗ ಸರಿ ಇದೆ ಕಣಪ್ಪ. ಓಡುವಾಗ ಏನಾಗುತ್ತೆ ನೋಡಿದ್ಯಾ?" ಅಂದರು. ಗ್ಯಾರೇಜಲ್ಲಿ ಚಕ್ರವನ್ನು ಕಾರಿಗೆ ಹಿಡಿದಿಡುವ ಲೋವರ್ ಆರ್ಮ್‌ಗೆ ಸಬ್ಬಲ್ ಹಾಕಿ ಮೀಟಿದರೆ ಎರಡೂ ಕಡೆ ಅದರ ರಬ್ಬರ್ ಬುಷ್ ಹರಿದಿತ್ತು. ಬ್ರೇಕ್ ಹಿಡಿದಾಗೆಲ್ಲ ಚಕ್ರ ತಿರುಚಿಕೊಳ್ಳುತ್ತಿತ್ತು. ಕೂಲಿ ಸೇರಿ 1,800 ಆಯಿತು. ಇಷ್ಟಕ್ಕೆ ಎರಡು ಸೆಟ್, ಸುಮಾರು 35 ಸಾವಿರ ರೂಪಾಯಿ ನೀರಲ್ಲಿ ಹೋಮ!

ಟೈರ್ ಆರಿಸುವುದು ಅಲ್ಲಿಂದ ಸುಲಭ ಆಯಿತು. ಸವೆತ ಟೈರಿನ ತಪ್ಪಲ್ಲ ಅಂದಮೇಲೆ ಗಟ್ಟಿ ರಬ್ಬರು ಯಾಕೆ ಬೇಕು? ಮಳೆಗೆ ನೀರು ಬಿಡುವ ಅಗಲ ಕಾಲುವೆ ಇರುವ ಮೆತ್ತನೆ ಟೈರನ್ನೇ ಆರಿಸಿದೆ. ಕಂಪನಿ ಸೈಜಿಗೇ ವಾಪಸ್ ಬಂದೆ. ಟೈರ್ ಎಷ್ಟು ಭಾರ ಹೊರುತ್ತೆ ಅನ್ನುವ ಲೋಡ್ ಗುರುತು 85, ಎಷ್ಟು ವೇಗ ತಡೆಯುತ್ತೆ ಅನ್ನುವ ಸ್ಪೀಡ್ ಗುರುತು ಟಿ, ಕಂಪನಿಯದಕ್ಕಿಂತ ಒಂದು ಚೂರೂ ಕೆಳಗಿಳಿಯಲಿಲ್ಲ. 2023ರ ಜುಲೈನಲ್ಲಿ ಕೊಂಡಾಗ ತಾರೀಖು 2223. ಹಳೇ ಮಾಲು ತೋರಿಸಿದ ಮೂರು ಅಂಗಡಿಯಿಂದ ಎದ್ದು ಬಂದಿದ್ದೆ. ಹಳೇದಕ್ಕೆ ತಲಾ 300 ಕಳೆದು ಒಂದಕ್ಕೆ 4,600 ಬಿತ್ತು. ರೇಟ್ ಇಳಿಸಲು ನಾನು ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಬ್ರಾಂಡೂ ಹೇಳಲ್ಲ. ನಿಮ್ಮ ಹಳೇ ಟೈರ್ ಬೇರೆ ಕಥೆ ಹೇಳುತ್ತಿರಬಹುದು ಅಲ್ವಾ?

ಟೈರಿಗೆ ಗಾಳಿ ಬದಲು ನೈಟ್ರೋಜನ್ ತುಂಬಿಸಿದರೆ ಬೇಗ ಇಳಿಯಲ್ಲ ಅಂತಾರಲ್ಲ, ಅದನ್ನೂ ಪರೀಕ್ಷೆ ಮಾಡಿಬಿಟ್ಟೆ. ಎಡಗಡೆ ಎರಡಕ್ಕೆ ನೈಟ್ರೋಜನ್, ಬಲಗಡೆ ಸಾದಾ ಗಾಳಿ, ಎರಡು ತಿಂಗಳು. ಪ್ರತಿ ಭಾನುವಾರ ಬೆಳಿಗ್ಗೆ, ಕಾರು ತೆಗೆಯುವ ಮುಂಚೆ ಒಳಗಿನ ಒತ್ತಡ ಅಳೆದೆ. ಕೊನೆಗೆ ವ್ಯತ್ಯಾಸ ಒಂದು ಪಿ.ಎಸ್.ಐ. ಇತ್ತೋ ಇಲ್ಲವೋ. ಅದೇ ಏಪ್ರಿಲ್ ಮಧ್ಯಾಹ್ನ ಮೈಸೂರು ತಲುಪಿ ಅಳೆದರೆ ಬಿಸಿಗೆ ನಾಲ್ಕರಲ್ಲೂ ಮೂರು, ನಾಲ್ಕು ಪಿ.ಎಸ್.ಐ. ಏರಿರುತ್ತಿತ್ತು. ಆ ಹೊತ್ತಲ್ಲಿ ಬಂಕಿನ ಹುಡುಗ ಗಾಳಿ ಇಳಿಸಿದರೆ ಮಾರನೇ ದಿನ ಬೆಳಿಗ್ಗೆ ಕಡಿಮೆ ಗಾಳಿಯಲ್ಲಿ ಓಡಿಸುತ್ತೀರಿ. ಸುಮ್ನೆ ನೈಟ್ರೋಜನ್‌ಗೆ ದುಡ್ಡು ಕೊಡುವ ಬದಲು ಒಂದು ಒಳ್ಳೆ ಗೇಜ್ ತಗೊಳ್ಳಿ.

ಎಂಟು ಸಾವಿರಕ್ಕೊಮ್ಮೆ ಟೈರ್ ಅದಲುಬದಲು ಮಾಡುತ್ತೇನೆ, ಸ್ಟೆಪ್ನಿಯನ್ನೂ ಸೇರಿಸಿ. ಅದರ ಸರದಿ ಲೆಕ್ಕ ನನ್ನ ಡೈರಿಯಲ್ಲೇ ಇರಲಿ. ಇಲ್ಲಿಯವರೆಗೆ ಸಾವಿರ ಕಿ.ಮೀ.ಗೆ 360 ಆಸುಪಾಸು ಬಿದ್ದಿದೆ, ಇನ್ನೂ ಇಳಿಯುತ್ತದೆ. ಟೈರ್ ಮೇಲಿನ ಗುರುತು 1.6 ಮಿ.ಮೀ.ಗೆ ಬದಲಿಸಿ ಅನ್ನುತ್ತದೆ. ನಾನು ಅಲ್ಲಿಯವರೆಗೆ ಕಾಯಲ್ಲ. ಎರಡೂವರೆಗೆ ಬಂದ ದಿನ ಮತ್ತೆ ನಾಲ್ಕೂ ಅಂಗಳಕ್ಕೆ ಇಳಿಯುತ್ತವೆ. ಭಾಮೈದನೂ ತನ್ನ ಕಾರಿನದು ತರುತ್ತೇನೆ ಅಂದಿದ್ದಾನೆ.